ಹೊಲಿಗೆ ಅಂಗಡಿಯ ಲೆಕ್ಕದಲ್ಲಿ ಪಿಗ್ಮಿ ಖಾತೆ

ಸಾಗರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ, ಚೂಡಿದಾರ್, ಸೀರೆಗೆ ಫಾಲ್ ಮತ್ತು ಜಿಗ್‌ಜಾಗ್, ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಸಮವಸ್ತ್ರ. ಇದೇ ನನ್ನ ವ್ಯಾಪಾರ. ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಬಹಳ ವರ್ಷಗಳಿಂದ ಪಿಗ್ಮಿ, ಅಂದರೆ ಸಂಘದ ಪರವಾಗಿ ದಿನವೂ ಅಂಗಡಿಗೇ ಬಂದು ಪಡೆಯುವ ಸಣ್ಣ ಉಳಿತಾಯ, ಕಟ್ಟುತ್ತಾ ಬಂದಿದ್ದೇನೆ. ನನ್ನಲ್ಲಿ ಹೊಲಿಗೆ ಕಲಿತು ಈಗ ಸ್ವಂತ ಅಂಗಡಿ ಇಟ್ಟಿರುವ ಹುಡುಗಿ ಮೊನ್ನೆ, "ಅಕ್ಕಾ, ಪಿಗ್ಮಿ ಕಟ್ಟಲೋ ಬೇಡವೋ? ಬಡ್ಡಿಯೇ ಇಲ್ಲ ಅನ್ನುತ್ತಾರಲ್ಲ" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ, ಲೆಕ್ಕಗಳನ್ನು ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನದ ದುಡಿಮೆಯವರು ಪಿಗ್ಮಿ ಕಟ್ಟಬೇಕು. ಆದರೆ ಮುದ್ದತು (ಖಾತೆಯ ಅವಧಿ) ಮುಗಿದ ಮೇಲೆ ಆ ಹಣವನ್ನು ಅಲ್ಲಿಯೇ ಮಲಗಿಸಬಾರದು. ಸಂಘದ ಲೆಕ್ಕಪರಿಶೋಧನೆಯ ವರದಿ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಪಿಗ್ಮಿ ನಮ್ಮ ನಾಡಿನದೇ ಕೂಸು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರೇ ಪಿಗ್ಮಿ ಠೇವಣಿ ಆರಂಭಿಸಿದರು: ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುವ ವ್ಯವಸ್ಥೆ. ರೂಪಾಯಿಗೆ ಹದಿನಾರು ಆಣೆಯ ಕಾಲ ಅದು. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನ ಕೊಟ್ಟರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಜನರ ಹತ್ತಿರಕ್ಕೆ ಬ್ಯಾಂಕನ್ನೇ ನಡೆಸಿಕೊಂಡು ಹೋದವರು ಅವರು. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಅಳಿದರೂ ಅದು ಹುಟ್ಟಿಸಿದ ಪಿಗ್ಮಿ ಎಂಬ ಹೆಸರು ಊರೂರಿನ ಸಹಕಾರ ಸಂಘಗಳಲ್ಲಿ ಇವತ್ತಿಗೂ ದಿನವೂ ಕೇಳಿಬರುತ್ತಿದೆ. ಇದೇ ಬಗೆಯ ಖಾತೆಗೆ ನಿತ್ಯನಿಧಿ ಎನ್ನುವ ಬ್ಯಾಂಕೂ ಉಂಟು.

ಈಗ ನನ್ನ ಅಂಗಡಿಗೆ ಬನ್ನಿ. ನನ್ನ ಗಲ್ಲಾಕ್ಕೆ ಹಣ ಬರುವ ರೀತಿ ನೋಡಿದರೆ ಪಿಗ್ಮಿ ಯಾಕೆ ಬೇಕು ಎಂಬುದು ಗೊತ್ತಾಗುತ್ತದೆ. ಇಡೀ ದಿನ ಕುಳಿತರೆ ಒಂದು ಫಾಲ್, ಎರಡು ಪ್ಯಾಂಟಿನ ಕಾಲು ಗಿಡ್ಡ ಮಾಡಿದ್ದು, ಹಳೆಯ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದು, ಇಷ್ಟೇ ಇರುವ ದಿನವೂ ಇದೆ. ಮರುದಿನ ಮದುವೆಮನೆಯವರು ಬಂದು ಹತ್ತು ರವಿಕೆಯ ಹಣ ಒಟ್ಟಿಗೆ ಎಣಿಸಿ ಹೋಗುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಮೇಲಿಂದ ಮಳೆ, ಅಂಗಡಿಯ ಮುಂದೆ ಜನವೇ ಇಲ್ಲ. ಶ್ರಾವಣ ಬಂದರೆ ತಲೆ ಎತ್ತಲು ಪುರಸೊತ್ತಿಲ್ಲ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ರಾತ್ರಿ ಹನ್ನೊಂದರವರೆಗೂ ಯಂತ್ರ ನಿಲ್ಲುವುದಿಲ್ಲ. ಇದರ ಜೊತೆಗೆ ನಮ್ಮ ಊರಿನ ಎಲ್ಲ ವ್ಯಾಪಾರವೂ ಅಡಿಕೆಯ ಬೆನ್ನಿಗೆ ಕಟ್ಟಿಕೊಂಡಿದೆ. "ಅಡಿಕೆ ಕೊಟ್ಟ ಮೇಲೆ ಕೊಡುತ್ತೇನೆ ಮಾರಾಯಿತಿ" ಎಂದು ಬಟ್ಟೆ ಒಯ್ಯುವವರು ಹಳ್ಳಿ ಕಡೆಯಿಂದ ಬರುವ ಒಳ್ಳೆಯ ಗಿರಾಕಿಗಳೇ. ದರ ಏರಲೆಂದು ಅವರು ಅಡಿಕೆ ಹಿಡಿದಿಟ್ಟುಕೊಂಡರೆ ನನ್ನ ಬಾಕಿಯೂ ಅವರ ಅಟ್ಟದಲ್ಲೇ ಉಳಿಯುತ್ತದೆ.

ಹೀಗೆ ಏರುತ್ತಾ ಇಳಿಯುತ್ತಾ ಬರುವ ಹಣಕ್ಕೆ ತಿಂಗಳ ಸಂಬಳದವರಿಗೆಂದು ಮಾಡಿದ ಯೋಜನೆ ಹೊಂದುವುದಿಲ್ಲ. ಅಂಚೆ ಕಚೇರಿಯ ಆರ್.ಡಿ., ಅಂದರೆ ತಿಂಗಳ ಕಂತಿನ ಠೇವಣಿ, ಬಹಳ ಒಳ್ಳೆಯ ಯೋಜನೆ. ಆದರೆ ಪ್ರತಿ ತಿಂಗಳೂ ಅದೇ ಮೊತ್ತ ಕಟ್ಟಬೇಕು. ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ದಂಡ. ಸತತವಾಗಿ ತಪ್ಪುತ್ತಾ ಹೋದರೆ ಖಾತೆಯೇ ನಿಂತುಹೋಗುತ್ತದೆ. ಪಿಗ್ಮಿಯಲ್ಲಿ ಆ ಬಿಗಿ ಇಲ್ಲ. ಸಂಜೆ ಐದರ ಹೊತ್ತಿಗೆ ನಮ್ಮ ಪಿಗ್ಮಿಯವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, "ಅಕ್ಕಾ, ಇವತ್ತು ಎಷ್ಟು ಬರೆಯಲಿ?" ಎನ್ನುತ್ತಾರೆ. ಇನ್ನೂರು ಎಂದರೆ ಇನ್ನೂರು, ಇಪ್ಪತ್ತು ಎಂದರೆ ಇಪ್ಪತ್ತು. "ಇವತ್ತು ಬೋಣಿಯೇ ಆಗಿಲ್ಲ ಅಣ್ಣಾ" ಎಂದರೂ ಅವರ ಮುಖ ಸಣ್ಣದಾಗುವುದಿಲ್ಲ. "ನಾಳೆ ಆಗುತ್ತದೆ ಬಿಡಿ" ಎಂದು ಪಕ್ಕದ ಬಳೆ ಅಂಗಡಿಗೆ ಹೋಗುತ್ತಾರೆ.

ಈ ಪ್ರಶ್ನೆ ದಿನವೂ ಒಂದೇ ಹೊತ್ತಿಗೆ ಬರುವುದರಿಂದ ನನಗಾದ ದೊಡ್ಡ ಲಾಭವೆಂದರೆ, ದಿನವೂ ಆ ಹೊತ್ತಿಗೆ ಲೆಕ್ಕ ಹಾಕಲೇಬೇಕಾಯಿತು. ಗಲ್ಲಾದಲ್ಲಿರುವ ಹಣವೆಲ್ಲ ನಮ್ಮ ಗಳಿಕೆಯಲ್ಲ. ಇದನ್ನು ನಾನು ಕಲಿಸುವ ಹುಡುಗಿಯರಿಗೆ ಕತ್ತರಿ ಹಿಡಿಯುವುದಕ್ಕಿಂತ ಮೊದಲು ಹೇಳುತ್ತೇನೆ. ಲೈನಿಂಗ್ ಹಾಕಿದ ಒಂದು ರವಿಕೆಗೆ 500 ರೂಪಾಯಿ ತೆಗೆದುಕೊಳ್ಳುತ್ತೇನೆ. ಲೈನಿಂಗ್ ಬಟ್ಟೆಗೆ 80, ದಾರ, ಹುಕ್ಕು, ಪೈಪಿಂಗ್‌ಗೆ 20, ಕೈಹೊಲಿಗೆ ಮಾಡಿ ಹುಕ್ಕು ಹಚ್ಚಿಕೊಡುವ ಹೆಂಗಸಿಗೆ 50. ಉಳಿದದ್ದು 350. ಅಂಗಡಿ ಬಾಡಿಗೆ, ಕರೆಂಟು, ಯಂತ್ರದ ರಿಪೇರಿ ಇವನ್ನು ತಿಂಗಳ ಒಟ್ಟು ಕೆಲಸಕ್ಕೆ ಹಂಚಿದರೆ ಒಂದು ರವಿಕೆಯ ಪಾಲಿಗೆ ಸುಮಾರು ನೂರು ಬೀಳುತ್ತದೆ. ಹಾಗಾಗಿ 500ರಲ್ಲಿ ನನ್ನದು ಎನ್ನಬಹುದಾದದ್ದು 250. ಮನೆಖರ್ಚು, ಮಗನ ಫೀಸು, ಪಿಗ್ಮಿ ಎಲ್ಲವೂ ಆ 250ರಿಂದಲೇ ಬರಬೇಕು. ಲೈನಿಂಗ್ ಬಟ್ಟೆಯ ಹಣವನ್ನು ಪಿಗ್ಮಿಗೆ ಹಾಕಿ, ಮರುದಿನ ಬಟ್ಟೆ ಅಂಗಡಿಯಲ್ಲಿ ಉದ್ರಿ ಬರೆಸುವವರನ್ನು ನಾನು ನೋಡಿದ್ದೇನೆ. ಹಾಗೆ ಕಟ್ಟುವುದು ಉಳಿತಾಯವಲ್ಲ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯುವುದಷ್ಟೇ.

ಇನ್ನು ಬಡ್ಡಿಯ ವಿಷಯ. ಪಿಗ್ಮಿಯ ಬಗ್ಗೆ ಜನರಲ್ಲಿ ಇರುವ ಅಸಮಾಧಾನವೆಲ್ಲ ಇಲ್ಲಿಯೇ. ನಮ್ಮ ಸಂಘದಲ್ಲಿ ಒಂದು ವರ್ಷ ಪೂರ್ತಿ ಕಟ್ಟಿದರೆ ಶೇಕಡಾ 4. ನಾನು ದಿನಕ್ಕೆ ಸರಾಸರಿ ನೂರರಂತೆ, ತಿಂಗಳಿಗೆ 26 ದಿನ ಕಟ್ಟಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 31,200. ಶೇಕಡಾ 4 ಎಂದರೆ 1,248 ಬರಬೇಕಲ್ಲ, ಅರ್ಧವೇ ಬಂತಲ್ಲ ಎಂದು ಸಂಘದ ಕೌಂಟರಿನಲ್ಲಿ ಜಗಳ ಮಾಡುವವರಿದ್ದಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಮೊದಲ ದಿನ ಕಟ್ಟಿದ ನೂರು ರೂಪಾಯಿ ಮಾತ್ರ ಸಂಘದಲ್ಲಿ ವರ್ಷವಿಡೀ ಇತ್ತು. ಕೊನೆಯ ದಿನ ಕಟ್ಟಿದ ನೂರು ಒಂದೇ ದಿನ ಇತ್ತು. ಒಟ್ಟಾರೆ ಪ್ರತಿ ನೂರು ರೂಪಾಯಿಯೂ ಸರಾಸರಿ ಆರು ತಿಂಗಳು ಇತ್ತು ಎಂದಾಯಿತು. ಅಂದರೆ ವರ್ಷಪೂರ್ತಿ 15,600 ರೂಪಾಯಿ ಇಟ್ಟ ಲೆಕ್ಕ. ಅದರ ಶೇಕಡಾ 4 ಸುಮಾರು 624 ರೂಪಾಯಿ. ಸಂಘ ಕೊಡುವುದು ಅದನ್ನೇ.

ಹಾಗಾದರೆ ಸಂಘದವರು ನಮ್ಮ ಹಣದಲ್ಲಿ ಸುಲಭವಾಗಿ ಗಂಟು ಮಾಡಿಕೊಳ್ಳುತ್ತಾರೆಯೇ? ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ಪಿಗ್ಮಿ ಎಂಬ ವ್ಯವಸ್ಥೆಯೇ ಬೇರೆ ರೀತಿ ಕಾಣಿಸಿತು. ನಮ್ಮ ಸಂಘ ಸಂಗ್ರಹ ಮಾಡುವವರಿಗೆ ನೂರಕ್ಕೆ ಮೂರು ರೂಪಾಯಿ ಕಮಿಷನ್ ಕೊಡುತ್ತದೆ. ಬಡ್ಡಿಗೆ ಹಣ ಇದ್ದ ಕಾಲದ ಲೆಕ್ಕವಿದೆ. ಕಮಿಷನ್‌ಗೆ ಅದಿಲ್ಲ, ಕಟ್ಟಿದ ಪ್ರತಿ ರೂಪಾಯಿಯ ಮೇಲೂ ಕೊಡಲೇಬೇಕು. ನನ್ನ 31,200ಕ್ಕೆ ಕಮಿಷನ್ 936. ನನಗೆ ಕೊಟ್ಟ ಬಡ್ಡಿ 624. ಎರಡೂ ಸೇರಿ 1,560. ಸಂಘದ ಕೈಯಲ್ಲಿ ವರ್ಷವಿಡೀ ಇದ್ದ ನನ್ನ ಹಣದ ಸರಾಸರಿ 15,600 ತಾನೇ? ಅದಕ್ಕೆ 1,560 ಎಂದರೆ ನೂರಕ್ಕೆ ಹತ್ತು. ನನಗೆ ನಾಲ್ಕೇ ಸಿಕ್ಕರೂ ಸಂಘಕ್ಕೆ ನನ್ನ ಹಣ ಹತ್ತು ಬಿದ್ದಿದೆ. ನಡುವಿನ ಆರು ಹೋದದ್ದು ಬಿಸಿಲು ಮಳೆಯಲ್ಲಿ ಪೇಟೆ ಸುತ್ತುವ ಆ ಮನುಷ್ಯನಿಗೆ.

ಆದ್ದರಿಂದ ಪಿಗ್ಮಿಯ ಬಡ್ಡಿಯನ್ನು ಬೇರೆ ಠೇವಣಿಯ ಬಡ್ಡಿಯ ಪಕ್ಕದಲ್ಲಿಟ್ಟು ಕಡಿಮೆ ಎನ್ನುವುದು ನ್ಯಾಯವಲ್ಲ. ನಾವು ಇಲ್ಲಿ ಒಂದು ಸೇವೆಯನ್ನು ಕೊಳ್ಳುತ್ತಿದ್ದೇವೆ. ಅಂಗಡಿ ಬಾಗಿಲು ಹಾಕಿ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತರೆ ನನ್ನ ಒಂದು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಬಂದ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾಳೆ. ಅದರ ಬದಲು ವರ್ಷಕ್ಕೆ ಒಂಬೈನೂರು ಚಿಲ್ಲರೆ ರೂಪಾಯಿಯ ಸೇವೆ ಮನೆ ಬಾಗಿಲಿಗೆ ಬರುತ್ತದೆ. ನನ್ನ ಮಟ್ಟಿಗೆ ಅದು ದುಬಾರಿಯಲ್ಲ.

ದುಬಾರಿಯಾಗುವುದು ಯಾವಾಗ ಎಂದರೆ, ಮುದ್ದತು ಮುಗಿದ ಹಣವನ್ನು "ಇರಲಿ ಬಿಡಿ" ಎಂದು ಅದೇ ಖಾತೆಯಲ್ಲಿ ಬಿಟ್ಟಾಗ. ಒಟ್ಟಾಗಿಬಿಟ್ಟ ಹಣಕ್ಕೆ ಸಂಗ್ರಹದ ಸೇವೆ ಬೇಕಿಲ್ಲವಲ್ಲ, ಮತ್ತೆ ಯಾಕೆ ಕಡಿಮೆ ಬಡ್ಡಿ ಒಪ್ಪಿಕೊಳ್ಳಬೇಕು? ದೇಶದ ಹಣದುಬ್ಬರವನ್ನು ಶೇಕಡಾ 4ರ ಆಸುಪಾಸಿನಲ್ಲಿ ಇಡಬೇಕೆಂಬುದೇ ರಿಸರ್ವ್ ಬ್ಯಾಂಕಿಗೆ ಇರುವ ಗುರಿ. ಬೆಲೆಗಳು ಅಷ್ಟೇ ಏರಿದರೂ ಶೇಕಡಾ 4 ಬಡ್ಡಿಯ ಹಣ ನಿಂತಲ್ಲೇ ನಿಂತಿರುತ್ತದೆ. ಈ ವರ್ಷ ಆ ಹಣಕ್ಕೆ ಎಷ್ಟು ಮೀಟರ್ ಲೈನಿಂಗ್ ಬರುತ್ತಿತ್ತೋ ಮುಂದಿನ ವರ್ಷ ಬಡ್ಡಿ ಸೇರಿಸಿದರೂ ಅಷ್ಟೇ ಬರುತ್ತದೆ. ನಾನು ಮಾಡುವುದು ಹೀಗೆ: ಖಾತೆ ಮುಗಿದ ವಾರವೇ ಹಣ ತೆಗೆದು, ಅಂಗಡಿಗೆ ಬೇಕಾದಷ್ಟನ್ನು ಉಳಿತಾಯ ಖಾತೆಗೆ ಹಾಕಿ, ಉಳಿದದ್ದನ್ನು ಅಂಚೆ ಕಚೇರಿಯ ಐದು ವರ್ಷದ ಠೇವಣಿಯಲ್ಲಿ ಇಡುತ್ತೇನೆ. ಅದಕ್ಕೆ 2023ರ ಏಪ್ರಿಲ್‌ನಲ್ಲಿ ಶೇಕಡಾ 7.5 ನಿಗದಿಯಾಗಿತ್ತು. ನಾನು ಇಟ್ಟದ್ದೆಲ್ಲ ಆ ದರದಲ್ಲಿಯೇ. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ಇಟ್ಟ ದಿನದ ದರ ಐದು ವರ್ಷವೂ ನಮಗೆ ಖಾಯಂ. 30,000 ಇಟ್ಟರೆ ವರ್ಷಕ್ಕೆ 2,300 ರೂಪಾಯಿ ಮೀರಿ ಬಡ್ಡಿ ಬರುತ್ತದೆ. ಶೇಕಡಾ 4ರಲ್ಲಿ ಅದೇ ಹಣಕ್ಕೆ 1,200.

ತಿಂಗಳಿಗೆ ಇಂತಿಷ್ಟು ಎಂದು ಖಚಿತವಾಗಿ ತೆಗೆದಿಡಬಲ್ಲವರಿಗೆ ಅಂಚೆಯ ಆರ್.ಡಿ. ಪಿಗ್ಮಿಗಿಂತ ಎಷ್ಟೋ ಮೇಲು. 2023ರ ಅಕ್ಟೋಬರ್‌ನಲ್ಲಿ ಅದರ ದರ 6.7 ಆಯಿತು. ಆ ದರದಲ್ಲಿ ತಿಂಗಳಿಗೆ 3,000ದಂತೆ ಐದು ವರ್ಷ ಕಟ್ಟಿದ 1,80,000 ರೂಪಾಯಿ 2,14,000 ದಾಟುತ್ತದೆ. ಶೇಕಡಾ 4ರಲ್ಲಿ ಅದೇ ಹಣ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. ವ್ಯತ್ಯಾಸ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಸಂಬಳಕ್ಕೆ ದುಡಿಯುವ ನನ್ನ ಗಿರಾಕಿಗಳು ಪಿಗ್ಮಿ ಕಟ್ಟುವುದನ್ನು ಕಂಡರೆ ನಾನು ಆರ್.ಡಿ.ಗೆ ಹೋಗಿ ಎಂದೇ ಹೇಳುತ್ತೇನೆ. ಚೀಟಿ ಮತ್ತು ಒಡವೆ ಅಂಗಡಿಯ ಕಂತಿನ ಯೋಜನೆಗಳ ಬಗ್ಗೆ ನನ್ನನ್ನು ಕೇಳಬೇಡಿ. ನೋಂದಣಿ ಇಲ್ಲದ ಚೀಟಿಯ ಹತ್ತಿರ ಹೋಗಬೇಡಿ ಎಂಬುದೊಂದನ್ನೇ ನಾನು ಹೇಳಬಲ್ಲೆ.

ನಡುವೆಯೇ ಹಣ ಬೇಕಾದರೆ? ಪಿಗ್ಮಿಯ ನಿಜವಾದ ಪರೀಕ್ಷೆ ಅದು. ಬಳೆ ಅಂಗಡಿಯವರು ಒಮ್ಮೆ ಹತ್ತನೇ ತಿಂಗಳಲ್ಲಿ ಆಸ್ಪತ್ರೆ ಖರ್ಚಿಗೆಂದು ತಮ್ಮ ಖಾತೆ ಮುಚ್ಚಲು ಹೋದರು. ಅವರದು ಬೇರೆ ಸಂಘ. ಆಗ ಅವರ ಖಾತೆಯಲ್ಲಿ 25,000 ಇತ್ತು. ನೂರಕ್ಕೆ ಮೂರರಂತೆ 750 ಹಿಡಿದುಕೊಂಡರು, ಬಡ್ಡಿಯನ್ನೂ ಕೊಡಲಿಲ್ಲ. ಕಮಿಷನ್ ಆಗಲೇ ಹೋಗಿರುವುದರಿಂದ ಅದನ್ನು ಖಾತೆದಾರರಿಂದ ವಸೂಲು ಮಾಡುತ್ತಾರೆ. ನಿಯಮ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ. ನನಗೆ ಸಿಟ್ಟು ಬಂದದ್ದು ನಿಯಮಕ್ಕಲ್ಲ. ಕೌಂಟರಿನಲ್ಲಿದ್ದವರು "ಮುಚ್ಚಬೇಡಿ, ಇದರ ಮೇಲೆಯೇ ಸಾಲ ತೆಗೆದುಕೊಳ್ಳಿ" ಎಂಬ ಒಂದು ಮಾತು ಹೇಳಬಹುದಿತ್ತು. ಖಾತೆಯಲ್ಲಿರುವ ಹಣದ ಮುಕ್ಕಾಲು ಪಾಲಿನವರೆಗೂ ಸಾಲ ಕೊಡುವ ಪದ್ಧತಿ ಇದೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ 18,000 ತೆಗೆದುಕೊಂಡು ಎರಡು ತಿಂಗಳಲ್ಲಿ ಖಾತೆ ಮುಗಿದಾಗ ತೀರಿಸಿದ್ದರೆ 360 ರೂಪಾಯಿಗೆ ಮುಗಿಯುತ್ತಿತ್ತು, ವರ್ಷದ ಬಡ್ಡಿಯೂ ಕೈಗೆ ಬರುತ್ತಿತ್ತು. ಆ ವ್ಯತ್ಯಾಸ ಸಾವಿರದ ಹತ್ತಿರ ಹೋಗುತ್ತದೆ. ಆಸ್ಪತ್ರೆಯಲ್ಲಿ ಗಂಡನನ್ನು ಮಲಗಿಸಿ ಬಂದ ಹೆಂಗಸು ಈ ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕೆಂದು ನಿರೀಕ್ಷಿಸುವುದು ತಪ್ಪು. ಸಹಕಾರ ಎಂದು ಬೋರ್ಡು ಹಾಕಿಕೊಂಡವರು ಅದನ್ನು ಹೇಳಬೇಕು.

ಸಾಲದ ಮಾತು ಬಂದಿತಲ್ಲ, ಪಿಗ್ಮಿಯ ಇನ್ನೊಂದು ಗುಣ ನನಗೆ ಬಡ್ಡಿಗಿಂತ ದೊಡ್ಡದಾಗಿ ಕಂಡಿದೆ. ನನ್ನಂಥವರಿಗೆ ಸಂಬಳದ ಚೀಟಿ ಇಲ್ಲ, ಆದಾಯ ತೆರಿಗೆಯ ಕಾಗದವಿಲ್ಲ. ಜೂಕಿ ಹೊಲಿಗೆ ಯಂತ್ರ ಕೊಳ್ಳಲು ಸಾಲ ಕೇಳಿದಾಗ ಸಂಘದ ವ್ಯವಸ್ಥಾಪಕರು ನೋಡಿದ್ದು ನನ್ನ ಪಿಗ್ಮಿಯ ಹಾಳೆಯನ್ನು. ಯಾವ ತಿಂಗಳು ಹೆಚ್ಚು, ಯಾವ ತಿಂಗಳು ಕಡಿಮೆ, ಆಷಾಢದಲ್ಲಿ ಎಷ್ಟು ಕುಸಿಯುತ್ತದೆ, ಎಷ್ಟು ದಿನ ಕಟ್ಟಿಲ್ಲ, ಎಲ್ಲವೂ ಅದರಲ್ಲಿ ಇತ್ತು. 24,000 ಸಾಲ ಸಿಕ್ಕಿತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಬಡ್ಡಿ ಉಳಿದ ಅಸಲಿನ ಮೇಲೋ, ಮೊದಲಿನ ಅಸಲಿನ ಮೇಲೋ?" ಉಳಿದ ಅಸಲಿನ ಮೇಲೆ ಎಂದರು.

ಈ ಪ್ರಶ್ನೆಯನ್ನು ದಯವಿಟ್ಟು ಎಲ್ಲರೂ ಕೇಳಿ. ಎರಡರಲ್ಲಿ ಯಾವ ರೀತಿ ಬಡ್ಡಿ ಹಾಕುವವರೂ ಹೇಳುವುದು "ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ" ಎಂದೇ. ಉಳಿದ ಅಸಲಿನ ಮೇಲಾದರೆ 24,000ವನ್ನು ಹನ್ನೆರಡು ಸಮ ಕಂತಿನಲ್ಲಿ ತೀರಿಸುವಾಗ ಒಟ್ಟು ಬಡ್ಡಿ 1,600ರ ಒಳಗೆ. ಅದೇ ಮೊದಲಿನ ಅಸಲಿನ ಮೇಲೆ ಕೊನೆಯವರೆಗೂ ಹಾಕಿದರೆ 2,880. ಅರ್ಧ ಸಾಲ ತೀರಿಸಿಯಾದ ಮೇಲೂ ಪೂರ್ತಿ ಸಾಲಕ್ಕೆ ಬಡ್ಡಿ ಕಟ್ಟುತ್ತಿರುತ್ತೇವೆ. ಬಾಯಲ್ಲಿ ಹನ್ನೆರಡು ಎಂದರೂ ಅದರ ನಿಜವಾದ ದರ ವರ್ಷಕ್ಕೆ ಇಪ್ಪತ್ತೊಂದನ್ನು ದಾಟುತ್ತದೆ. ಪೇಟೆಯಲ್ಲಿ ಮನೆಬಾಗಿಲಿಗೆ ಬಂದು ಸಾಲ ಕೊಡುವವರ ಕಂತಿನ ಕಾಗದ ಸಿಕ್ಕಿದರೆ ಅಸಲು ಪ್ರತಿ ತಿಂಗಳೂ ಇಳಿಯುತ್ತಿದೆಯೇ ಎಂದು ನೋಡಿ.

ಇಷ್ಟೆಲ್ಲ ಹೊಗಳಿದ ಮೇಲೆ, ನನಗೆ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. ಪಿಗ್ಮಿ ಎಂಬ ಹೆಸರು ಎಲ್ಲೆಡೆ ಒಂದೇ ಇದ್ದರೂ ಅದರ ಹಿಂದಿನ ಭದ್ರತೆ ಒಂದೇ ಅಲ್ಲ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ, ಅದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರ ಬ್ಯಾಂಕಾದರೂ, ಠೇವಣಿ ವಿಮೆ ಇದೆ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷ ರೂಪಾಯಿಯವರೆಗೆ. 2020ರ ಫೆಬ್ರುವರಿಗಿಂತ ಮೊದಲು ಅದು ಒಂದೇ ಲಕ್ಷ ಇತ್ತು. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಅವು ಇರುವುದು ರಿಸರ್ವ್ ಬ್ಯಾಂಕಿನ ಕೆಳಗಲ್ಲ, ರಾಜ್ಯದ ಸಹಕಾರ ಇಲಾಖೆಯ ಕೆಳಗೆ. ಪತ್ತಿನ ಸಂಘಗಳಿಗೆ 1959ರ ಕಾಯ್ದೆ, ಸೌಹಾರ್ದಗಳಿಗೆ 1997ರ ಕಾಯ್ದೆ. ಸಂಘ ಮುಳುಗಿದರೆ ವಿಮೆಯ ಹಣ ಬರುವುದಿಲ್ಲ, ಸಂಘ ಕೊಟ್ಟ ಸಾಲ ವಸೂಲಾದಷ್ಟು ನಮ್ಮ ಕೈಗೆ. ವಿಮೆ ಇದ್ದ ಕಡೆಯೂ ಕಷ್ಟ ತಪ್ಪಿದ್ದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಜೀವಮಾನದ ನಿವೃತ್ತಿ ಹಣ ಇಟ್ಟವರಿಗೆ ಸಿಕ್ಕಿದ್ದು ಮೊದಲಿಗೆ 35,000 ರೂಪಾಯಿ ಮಾತ್ರ. ವಯಸ್ಸಾದವರು ಬ್ಯಾಂಕಿನ ಮುಂದೆ ನಿಂತ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿ ನನ್ನ ಕೈ ಯಂತ್ರದ ಮೇಲೆಯೇ ನಿಂತುಬಿಟ್ಟಿತ್ತು.

ನನ್ನ ಖಾತೆ ಇರುವುದು ಪತ್ತಿನ ಸಂಘದಲ್ಲಿಯೇ. ಹಾಗಿದ್ದೂ ಕಟ್ಟುತ್ತಿದ್ದೇನೆ, ಯಾಕೆಂದರೆ ನಾನು ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿನ ಮಹಾಸಭೆಗೆ ಹೋಗುತ್ತೇನೆ. ಸದಸ್ಯರಿಗೆ ಕೊಡುವ ವಾರ್ಷಿಕ ವರದಿಯ ಪುಸ್ತಕ ಓದಲು ಪದವಿ ಬೇಕಿಲ್ಲ. ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ ಸಿಕ್ಕಿದೆ, 'ಎ' ಇದೆಯೇ, ಹೋದ ವರ್ಷ 'ಎ' ಇದ್ದದ್ದು ಈ ವರ್ಷ 'ಬಿ' ಆಗಿದೆಯೇ ನೋಡಿ. ಕೊಟ್ಟ ಸಾಲದಲ್ಲಿ ಸುಸ್ತಿ, ಅಂದರೆ ಗಡುವು ಮೀರಿದರೂ ವಸೂಲಾಗದ ಬಾಕಿ, ಎಷ್ಟು ನೋಡಿ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಲಾಭಾಂಶ ಎಷ್ಟು ಹೆಚ್ಚು ಹಂಚಿದರೂ ನಂಬಬೇಡಿ. ಪೇಟೆಯಲ್ಲಿ ಯಾರೂ ಕೊಡದಷ್ಟು ಬಡ್ಡಿ ಕೊಡುವ ಸಂಘ ಕಂಡರೆ ಹತ್ತಿರ ಹೋಗಬೇಡಿ, ಪಿಗ್ಮಿಯ ಹಣ ಸಂಘಕ್ಕೇ ನೂರಕ್ಕೆ ಹತ್ತು ಬೀಳುತ್ತದೆ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ, ಅದರ ಮೇಲೆ ಇನ್ನೂ ಕೊಡುವವರು ಯಾರಿಗೆ ಎಂಥ ಸಾಲ ಕೊಟ್ಟು ಗಳಿಸುತ್ತಿದ್ದಾರೆ? ಪರವಾನಗಿ ಇಲ್ಲದ ಸಂಘ ತನ್ನ ಹೆಸರಿನಲ್ಲಿ ಬ್ಯಾಂಕ್ ಎಂದು ಬರೆದುಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ. ವಿಮೆ ಇಲ್ಲದ ಕಡೆ ಒಂದು ವರ್ಷದ ಪಿಗ್ಮಿಗಿಂತ ಹೆಚ್ಚಿನ ಹಣ ನಾನು ಇಡುವುದಿಲ್ಲ.

ಸಂಗ್ರಹಕ್ಕೆ ಬರುವವರ ಬಗ್ಗೆಯೂ ಎರಡು ಮಾತು ಬರೆಯಲೇಬೇಕು. ನೂರೈವತ್ತು ಅಂಗಡಿ ಸುತ್ತಿ ಹದಿನೈದು ಸಾವಿರ ಸಂಗ್ರಹಿಸಿದರೆ ನೂರಕ್ಕೆ ಮೂರರಂತೆ ಅವರಿಗೆ 450 ರೂಪಾಯಿ. ಪೆಟ್ರೋಲು ಅದರಲ್ಲೇ. ಪೇಟೆ ಬಂದ್ ಆದ ದಿನ, ಜ್ವರ ಬಂದ ದಿನ ಏನೂ ಇಲ್ಲ. ನನ್ನ ಆಷಾಢ ಅವರಿಗೂ ಆಷಾಢವೇ. ಈ ಕೆಲಸ ಮಾಡುವ ಬ್ಯಾಂಕಿನ ಠೇವಣಿ ಸಂಗ್ರಾಹಕರು ತಾವು ಕಾರ್ಮಿಕರೇ ಎಂದು ಸಾಧಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2001ರಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು, ಅವರ ಕಮಿಷನ್ನೂ ಕೂಲಿಯೇ ಎಂದಿತು. ಮಲೆನಾಡಿನ ಜುಲೈ ಮಳೆಯಲ್ಲಿ ನಮ್ಮ ಪಿಗ್ಮಿಯವರು ರಸೀದಿ ಕೊಡುವ ಸಣ್ಣ ಯಂತ್ರವನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿ, ಅಂಗಿಯೊಳಗೆ ಎದೆಗಾನಿಸಿಕೊಂಡು ಬರುತ್ತಾರೆ. ತಲೆ ನೆನೆದರೂ ಯಂತ್ರ ನೆನೆಯಬಾರದು. ಅವರಿಗೆ ಒಂದು ಲೋಟ ಕಾಫಿ ಕೊಡುವುದು ನಮ್ಮ ಸಾಲಿನ ಅಂಗಡಿಗಳಲ್ಲಿ ವಾಡಿಕೆ.

ಹಾಗೆಂದು ವಿಶ್ವಾಸದ ಹೆಸರಿನಲ್ಲಿ ರಸೀದಿ ಬಿಡುವುದು ಸಲ್ಲದು. ಒಳ್ಳೆಯ ಸಂಗ್ರಾಹಕರು ತಾವಾಗಿಯೇ ಕೊಡುತ್ತಾರೆ, ನಮ್ಮವರು ಹಾಗೆಯೇ. ಯಂತ್ರದಿಂದ ಬರುವ ಚೀಟಿಯಲ್ಲಿ ಆ ದಿನದ ಮೊತ್ತ ಮತ್ತು ಒಟ್ಟು ಮೊತ್ತ ಎರಡೂ ಇರಬೇಕು. ನಿನ್ನೆಯ ಒಟ್ಟಿಗೆ ಇವತ್ತಿನದು ಕೂಡಿದರೆ ಸರಿಹೋಗುತ್ತದೆಯೇ ಎಂದು ಅವರು ಎದುರಿಗಿರುವಾಗಲೇ ನೋಡಬೇಕು. ಆ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ, ಆದ್ದರಿಂದ ನಾನು ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ. ಮೊಬೈಲಿಗೆ ಸಂಘದಿಂದ ಸಂದೇಶ ಬರುವಂತೆ ನಂಬರ್ ಕೊಟ್ಟಿರಬೇಕು, ಮತ್ತು ಅದು ನಮ್ಮದೇ ನಂಬರ್ ಆಗಿರಬೇಕು.

ಈಗ ಗಿರಾಕಿಗಳು ಹೆಚ್ಚಿನವರು ಫೋನಿನಲ್ಲೇ ಹಣ ಹಾಕುತ್ತಾರೆ. ಗಲ್ಲಾದಲ್ಲಿ ನೋಟು ಕಡಿಮೆ. ಹಾಗಾಗಿ ಪಿಗ್ಮಿಯನ್ನೂ ಫೋನಿನಲ್ಲೇ ಕಟ್ಟುವುದು ಶುರುವಾಗಿದೆ. ಅದರಲ್ಲಿ ತಪ್ಪೇನಿಲ್ಲ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಸಂಘದ ಹೆಸರು ಬರಬೇಕು. ಸಂಗ್ರಹಕ್ಕೆ ಬಂದವರ ಸ್ವಂತ ಹೆಸರು ಬಂದರೆ ಹಣ ಹಾಕಬೇಡಿ, ಅವರು ದೇವರಂಥ ಮನುಷ್ಯರಾದರೂ ಹಾಕಬೇಡಿ. ಅವರ ಖಾತೆಗೆ ಹೋದ ಹಣ ಸಂಘದ ಪುಸ್ತಕಕ್ಕೆ ಬರುವವರೆಗೂ ಅದು ನಿಮ್ಮ ಮತ್ತು ಅವರ ನಡುವಿನ ಕೈಗಡ ಅಷ್ಟೇ, ನಾಳೆ ಅವರಿಗೆ ಏನಾದರೂ ಆದರೆ ಅವರ ಮನೆಯವರಿಗೂ ನಿಮಗೂ ಕಷ್ಟ.

ನಮ್ಮ ಸಂಘದಿಂದ ನನಗೆ ಬೇಕಾದ ಸುಧಾರಣೆಗಳು ಎರಡೇ. ಮಧ್ಯದಲ್ಲಿ ಖಾತೆ ಮುಚ್ಚಿದರೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅರ್ಜಿಯ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ಮುದ್ದತು ಮುಗಿಯುವ ಹದಿನೈದು ದಿನ ಮೊದಲು ಒಂದು ಸಂದೇಶ ಕಳುಹಿಸಲಿ, ಮುಗಿದದ್ದೇ ಗೊತ್ತಾಗದೆ ವರ್ಷಗಟ್ಟಲೆ ಬಿಟ್ಟವರು ನಮ್ಮ ಸಾಲಿನಲ್ಲೇ ಇದ್ದಾರೆ. ಹೋದ ಮಹಾಸಭೆಯಲ್ಲಿ ಎರಡನ್ನೂ ಕೇಳಿದ್ದೇನೆ, ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ. ಉತ್ತರ ಬಂದಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಮತ್ತೆ ಕೇಳುತ್ತೇನೆ.

ಹೊಸ ಅಂಗಡಿಯ ಹುಡುಗಿ ಹೋದ ಸೋಮವಾರ ಖಾತೆ ತೆರೆದಳು, ದಿನಕ್ಕೆ ಐವತ್ತರಂತೆ. ಅರ್ಜಿಯಲ್ಲಿ ನಾಮಿನಿ ಕಾಲಂ ಖಾಲಿ ಬಿಟ್ಟಿದ್ದಳು. ಕೌಂಟರಿನವರು ಹಾಗೆಯೇ ತೆಗೆದುಕೊಳ್ಳಲು ಹೊರಟಿದ್ದರು. ವಾಪಸು ತೆಗೆದುಕೊಂಡು ಅವಳ ತಾಯಿಯ ಹೆಸರು ಬರೆಸಿ, ಅವಳ ಸಹಿ ಹಾಕಿಸಿ ಕೊಟ್ಟು ಬಂದೆವು.